ವೈದ್ಯಕೀಯ ಕಾಲೇಜಿನ ಹೊಸ್ತಿಲು: ಹೊರನಾಡಿನ ಪಾಲಕರಿಗೆ ನಾಲ್ಕು ಮಾತು

(ರಾಜ್ಯೋತ್ಸವದ ನಿಮಿತ್ತ ಸಾಂತಾಕ್ರೂಜಿನಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ರಾಜ್ಯೋತ್ಸವದ ವೇದಿಕೆಯೆಂದರೆ ನಾಡುನುಡಿಗಳ ಹಿರಿಮೆಯನ್ನು ನೆನೆಯುವ ವೇದಿಕೆ. ಇಲ್ಲಿ ಪಂಪನ ಮಾತು ಬರಬೇಕು, ಬಸವಣ್ಣನವರ ಮಾತು ಬರಬೇಕು, ಏಕೀಕರಣಕ್ಕಾಗಿ ದುಡಿದವರ ಸ್ಮರಣೆಯಾಗಬೇಕು. ನಾವು ಇಂದು ಎತ್ತಿಕೊಂಡಿರುವ ವಿಷಯವಾದರೋ ಕೇಳುವುದಕ್ಕೆ ಅಷ್ಟು ಇಂಪಾದುದಲ್ಲ. ಅರ್ಜಿ, ಅಂಕಪಟ್ಟಿ, ದಾಖಲೆ, ನಿಯಮ ಇವುಗಳ ಮಾತು ಅದು. ಆದರೂ ನಮ್ಮ ಮನೆಮನೆಗಳಲ್ಲಿ ಮೇ, ಜೂನ್ ತಿಂಗಳು ಬಂತೆಂದರೆ ನಿದ್ದೆಗೆಡಿಸುವ ವಿಷಯವೂ ಅದೇ ಆಗಿದೆ. ಮಗ ಅಥವಾ ಮಗಳು ಡಾಕ್ಟರಾಗಬೇಕೆಂಬ ಹಂಬಲ ಯಾವ ಮನೆಯಲ್ಲಿಲ್ಲ? ಆ ಹಂಬಲಕ್ಕೆ ಬೇಕಾದ ಬುದ್ಧಿ ನಮ್ಮ ಮಕ್ಕಳಲ್ಲಿದೆ, ದುಡಿಮೆಯೂ ಇದೆ. ಇಲ್ಲದಿರುವುದು ತಿಳಿವಳಿಕೆ, ಅದೂ ಸಕಾಲದಲ್ಲಿ ಸಿಗುವ ತಿಳಿವಳಿಕೆ. ಕೋಟೆ ಸೂರೆಹೋದ ಮೇಲೆ ದಿಡ್ಡಿಬಾಗಿಲು ಹಾಕಿದಂತೆ, ಹನ್ನೆರಡನೆಯ ತರಗತಿಯ ಫಲಿತಾಂಶ ಬಂದ ಮೇಲೆ ನಿಯಮಗಳನ್ನು ಓದಲು ಕುಳಿತರೆ ಏನು ಫಲ?

ಅಮೆರಿಕದಲ್ಲಿ ನೆಲಸಿರುವ ನಮ್ಮವರ ಬಾಯಲ್ಲಿ ಆಗಾಗ 'ಕ್ರೆಡಿಟ್' ಎಂಬ ಮಾತು ಬರುತ್ತದೆ. ಅಲ್ಲಿ ವೈದ್ಯಕೀಯ ಕಾಲೇಜಿಗೆ ಸೇರುವ ಮೊದಲು ಸಾಮಾನ್ಯವಾಗಿ ನಾಲ್ಕು ವರ್ಷದ ಪದವಿಯನ್ನು ಮುಗಿಸುತ್ತಾರೆ. ಆ ಪದವಿಯಲ್ಲಿ ಜೀವಶಾಸ್ತ್ರ, ರಸಾಯನಶಾಸ್ತ್ರ, ಭೌತಶಾಸ್ತ್ರಗಳನ್ನು ಪ್ರಯೋಗಾಲಯದ ಅಭ್ಯಾಸ ಸಹಿತವಾಗಿ ಇಂತಿಷ್ಟು ಕಲಿತಿರಬೇಕೆಂದು ಆಯಾ ಕಾಲೇಜು ಗೊತ್ತುಮಾಡಿರುತ್ತದೆ. ಕಲಿತದ್ದಕ್ಕೆ ಲೆಕ್ಕ ಹಿಡಿಯುವ ಕ್ರಮಕ್ಕೆ ಕ್ರೆಡಿಟ್ ಎಂದು ಹೆಸರು. ಅದಾದ ಮೇಲೆ ಎಂಕ್ಯಾಟ್ ಎಂಬ ಪ್ರವೇಶ ಪರೀಕ್ಷೆ. ನಮ್ಮ ದೇಶದ ಪದ್ಧತಿ ಬೇರೆ. ಇಲ್ಲಿ ಹನ್ನೆರಡನೆಯ ತರಗತಿಯಿಂದ ನೇರವಾಗಿ ಎಂ.ಬಿ.ಬಿ.ಎಸ್.ಗೆ ಹೋಗುತ್ತಾರೆ, ನಾಲ್ಕೂವರೆ ವರ್ಷದ ಓದು, ಮೇಲೆ ಒಂದು ವರ್ಷ ಆಸ್ಪತ್ರೆಯಲ್ಲಿ ಕಡ್ಡಾಯ ಸೇವೆ. ಬಿ.ಎಸ್ಸಿ. ಮುಗಿಸಿದವರೂ ಪ್ರವೇಶ ಪರೀಕ್ಷೆಗೆ ಕೂರಬಹುದು, ಆದರೆ ಅವರು ಗಳಿಸಿದ ಕ್ರೆಡಿಟ್ಟುಗಳು ಎಂ.ಬಿ.ಬಿ.ಎಸ್.ನಲ್ಲಿ ಒಂದು ದಿನವನ್ನೂ ಕಡಿಮೆ ಮಾಡುವುದಿಲ್ಲ. ಮೊದಲ ವರ್ಷದಿಂದಲೇ ಆರಂಭಿಸಬೇಕು.

ಹಾಗೆಂದು ನಮ್ಮಲ್ಲಿ ಜಮೆಯ ಲೆಕ್ಕವೇ ಇಲ್ಲವೆಂದು ತಿಳಿಯಬಾರದು. ಹೋಟೆಲಿನ ಗಲ್ಲಾಪೆಟ್ಟಿಗೆಯ ಮುಂದೆ ಕುಳಿತು ಜಮಾಖರ್ಚು ಬರೆದು ಬಲ್ಲ ನಮ್ಮ ಜನಕ್ಕೆ ಇದನ್ನು ವಿವರಿಸುವುದು ಕಷ್ಟವಲ್ಲ. ವೈದ್ಯಕೀಯ ಸೀಟಿಗೆ ಎರಡು ಖಾತೆಗಳಿವೆ. ಒಂದು ಮಗುವಿನ ಖಾತೆ. ಅದರಲ್ಲಿ ಜಮೆಯಾಗುವುದು ಓದಿದ ವಿಷಯ, ಗಳಿಸಿದ ಅಂಕ. ಇನ್ನೊಂದು ಮನೆಯ ಖಾತೆ; ಅದರಲ್ಲಿ ಜಮೆಯಾಗುವುದು ಎಲ್ಲಿ ವಾಸವಾಗಿದ್ದೆವು, ಎಲ್ಲಿ ಎಷ್ಟು ವರ್ಷ ಓದಿದೆವು ಎಂಬ ದಾಖಲೆ. ಮೊದಲನೆಯ ಖಾತೆಯನ್ನು ತುಂಬಲು ನಮ್ಮ ಮಕ್ಕಳು ಹಗಲಿರುಳು ಕಷ್ಟಪಡುತ್ತಾರೆ. ಎರಡನೆಯ ಖಾತೆಯ ಕಡೆಗೆ ತಂದೆತಾಯಂದಿರು ತಿರುಗಿಯೂ ನೋಡುವುದಿಲ್ಲ. ಹೊರನಾಡಿನ ಕನ್ನಡಿಗರಾದ ನಮಗೆ ಹೆಚ್ಚಿನ ತೊಡಕು ಬರುವುದು ಈ ಎರಡನೆಯದರಲ್ಲಿಯೇ.

ಮೊದಲು ಮಗುವಿನ ಖಾತೆಯನ್ನು ನೋಡೋಣ. ಹನ್ನೊಂದು, ಹನ್ನೆರಡನೆಯ ತರಗತಿಗಳಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಅಥವಾ ಜೈವಿಕ ತಂತ್ರಜ್ಞಾನ, ಜೊತೆಗೆ ಇಂಗ್ಲಿಷು ಇರಬೇಕು. ಎಲ್ಲದರಲ್ಲಿಯೂ ಬೇರೆಬೇರೆಯಾಗಿ ಉತ್ತೀರ್ಣರಾಗಿ, ವಿಜ್ಞಾನದ ಮೂರು ವಿಷಯಗಳು ಸೇರಿ ಸಾಮಾನ್ಯ ವರ್ಗದವರಿಗೆ ಶೇಕಡಾ 50, ಪರಿಶಿಷ್ಟರಿಗೂ ಇತರ ಹಿಂದುಳಿದ ವರ್ಗದವರಿಗೂ ಶೇಕಡಾ 40 ಅಂಕ ಬಂದಿರಬೇಕು. ಗಣಿತದ ಅಂಕ ಈ ಲೆಕ್ಕಕ್ಕೆ ಸೇರುವುದಿಲ್ಲ. ಸಾಮಾನ್ಯ ವರ್ಗದ ಹುಡುಗನೊಬ್ಬನಿಗೆ ಗಣಿತದಲ್ಲಿ 95 ಬಂದು, ವಿಜ್ಞಾನದ ಮೂರೂ ಸೇರಿ 300ಕ್ಕೆ 148 ಬಂದರೆ ಅವನಿಗೆ ಹೊಸ್ತಿಲು ದಾಟುವ ಅರ್ಹತೆ ಇಲ್ಲ. ಇನ್ನೊಬ್ಬಳಿಗೆ ಭೌತಶಾಸ್ತ್ರದಲ್ಲಿ 45, ರಸಾಯನದಲ್ಲಿ 50, ಜೀವಶಾಸ್ತ್ರದಲ್ಲಿ 60 ಬಂದು 155 ಆದರೆ ಅವಳಿಗೆ ಇದೆ. ವಯಸ್ಸು, ಸೇರುವ ವರ್ಷದ ಡಿಸೆಂಬರ್ 31ಕ್ಕೆ 17 ತುಂಬಿರಬೇಕು. ಮೇಲಿನ ವಯೋಮಿತಿಯನ್ನು 2022ರಲ್ಲಿ ತೆಗೆದುಹಾಕಿದ್ದಾರೆ.

ಇಲ್ಲಿ ಪಾಲಕರು ಎಚ್ಚರ ವಹಿಸಬೇಕಾದ ಒಂದು ಅಂಶವಿದೆ. ಮುಂಬಯಿಯ ಜೂನಿಯರ್ ಕಾಲೇಜುಗಳಲ್ಲಿ 'ಬೈಫೋಕಲ್' ಎಂಬ 200 ಅಂಕದ ವೃತ್ತಿ ವಿಷಯಗಳಿವೆ. ಕಂಪ್ಯೂಟರ್ ವಿಜ್ಞಾನ, ಎಲೆಕ್ಟ್ರಾನಿಕ್ಸ್ ಮುಂತಾದುವು. ಅದನ್ನು ಆಯ್ದುಕೊಂಡರೆ ಎರಡನೆಯ ಭಾಷೆಯೂ ಇನ್ನೊಂದು ವಿಷಯವೂ ಬಿಟ್ಟುಹೋಗುತ್ತವೆ. ಅನೇಕ ಬಾರಿ ಹಾಗೆ ಬಿಟ್ಟುಹೋಗುವುದು ಜೀವಶಾಸ್ತ್ರವೇ. ಹದಿನಾರು ವರ್ಷದ ಮಗು ಗೆಳೆಯರೊಡನೆ ಅರ್ಜಿಯಲ್ಲಿ ಒಂದು ಗುರುತು ಹಾಕಿ ಬಂದಿರುತ್ತದೆ. ವೈದ್ಯಕೀಯದ ದಾರಿ ಅಲ್ಲಿಗೆ ಮುಚ್ಚಿದಂತೆ. ಸಂಪೂರ್ಣವಾಗಿ ಮುಚ್ಚಿತೆಂದಲ್ಲ. ಜೀವಶಾಸ್ತ್ರವನ್ನು ಓದದೆ ಹನ್ನೆರಡನೆಯದನ್ನು ಮುಗಿಸಿದವರು ಆಮೇಲೆ ಅದನ್ನು ಮಾನ್ಯ ಮಂಡಳಿಯೊಂದರಲ್ಲಿ ಹೆಚ್ಚಿನ ವಿಷಯವಾಗಿ ತೆಗೆದುಕೊಂಡು ಉತ್ತೀರ್ಣರಾದರೆ ಅವರನ್ನೂ ಅರ್ಹರೆಂದು ಎಣಿಸುವುದಾಗಿ ರಾಷ್ಟ್ರೀಯ ವೈದ್ಯಕೀಯ ಆಯೋಗವು 2023ರ ನವೆಂಬರಿನಲ್ಲಿ ಪ್ರಕಟಿಸಿತು. ದಾರಿ ಇದೆ, ಆದರೆ ಅದು ಸುತ್ತುಬಳಸಿನ ದಾರಿ, ವರ್ಷವೊಂದನ್ನು ನುಂಗುವ ದಾರಿ. ಹನ್ನೊಂದರಲ್ಲಿಯೇ ಜೀವಶಾಸ್ತ್ರವನ್ನು ಇಟ್ಟುಕೊಳ್ಳುವುದು ಲೇಸು.

ಇನ್ನು ನೀಟ್ ಪರೀಕ್ಷೆ. ಇದು 2013ರಲ್ಲಿ ಒಮ್ಮೆ ನಡೆದು, ನ್ಯಾಯಾಲಯದ ತೀರ್ಪಿನಿಂದ ನಿಂತು, 2016ರಲ್ಲಿ ಮತ್ತೆ ಜಾರಿಗೆ ಬಂದಿತು. 2020ರಿಂದ ಎಂ.ಬಿ.ಬಿ.ಎಸ್. ಸೇರುವವರೆಲ್ಲರಿಗೂ ಒಂದೇ ಪರೀಕ್ಷೆ. 2025ರ ಪರೀಕ್ಷೆಯಲ್ಲಿ 180 ಪ್ರಶ್ನೆಗಳು, 720 ಅಂಕಗಳು. ಅರ್ಧದಷ್ಟು ಪ್ರಶ್ನೆಗಳು ಜೀವಶಾಸ್ತ್ರದವು. ಸರಿಯುತ್ತರಕ್ಕೆ ನಾಲ್ಕು ಅಂಕ, ತಪ್ಪಿಗೆ ಒಂದು ಅಂಕ ಕಡಿತ. ಇದರಲ್ಲಿ ಸಾಮಾನ್ಯ ವರ್ಗದವರು 50ನೇ ಪರ್ಸೆಂಟೈಲ್ ಮುಟ್ಟಬೇಕೆಂಬ ನಿಯಮವನ್ನು ಕೇಳಿ ಎಷ್ಟೋ ಜನ ಅದನ್ನು ಶೇಕಡಾ 50 ಎಂದು ತಿಳಿಯುತ್ತಾರೆ. ಪರ್ಸೆಂಟೈಲ್ ಎಂದರೆ ಅಂಕದ ಪ್ರಮಾಣವಲ್ಲ, ಸಾಲಿನಲ್ಲಿ ನಿಂತ ಸ್ಥಾನ. ಬರೆದವರಲ್ಲಿ ಅರ್ಧದಷ್ಟು ಜನ ನಿಮಗಿಂತ ಹಿಂದಿದ್ದರೆ ನೀವು 50ನೇ ಪರ್ಸೆಂಟೈಲಿನಲ್ಲಿದ್ದೀರಿ. 2025ರಲ್ಲಿ ಈ ಗೆರೆ 720ಕ್ಕೆ 144 ಅಂಕಗಳಷ್ಟಿತ್ತು, ಅಂದರೆ ಶೇಕಡಾ 20.

ಗೆರೆ ದಾಟಿದ ಮಾತ್ರಕ್ಕೆ ಸೀಟು ಸಿಕ್ಕಿತೆಂದು ಸಿಹಿ ಹಂಚಬಾರದು. 2025ರಲ್ಲಿ ಸುಮಾರು 22 ಲಕ್ಷ ಮಂದಿ ಪರೀಕ್ಷೆ ಬರೆದರು. 12 ಲಕ್ಷ 36 ಸಾವಿರ ಮಂದಿ ಅರ್ಹರೆನಿಸಿದರು. ಇಡೀ ದೇಶದಲ್ಲಿ 2024-25ರ ಸಾಲಿನಲ್ಲಿದ್ದ ಎಂ.ಬಿ.ಬಿ.ಎಸ್. ಸೀಟುಗಳು ಸುಮಾರು 1 ಲಕ್ಷ 18 ಸಾವಿರ. ಅರ್ಹರಾದ ಹತ್ತು ಜನರಿಗೆ ಒಂದು ಸೀಟು ಎಂದಾಯಿತು; ಅದರಲ್ಲಿಯೂ ದುಬಾರಿ ಶುಲ್ಕದ ಖಾಸಗಿ ಸೀಟುಗಳು ಸೇರಿವೆ. ಹೀಗಿರುವಾಗ ಯಾವ ಸಾಲಿನಲ್ಲಿ ನಿಲ್ಲುವ ಹಕ್ಕು ನಮಗಿದೆ ಎಂಬುದೇ ಮುಖ್ಯವಾಗುತ್ತದೆ. ಇಲ್ಲಿಂದ ಮನೆಯ ಖಾತೆ ತೆರೆಯುತ್ತದೆ.

ಈ ಸಾಲುಗಳು ಹೇಗೆ ಹುಟ್ಟಿದವೆಂಬುದನ್ನು ತುಸು ಹಿಂದಿರುಗಿ ನೋಡುವುದು ಒಳ್ಳೆಯದು. 1956ರ ನವೆಂಬರ್ 1ಕ್ಕೆ ಮುಂಚೆ ಧಾರವಾಡ, ಬೆಳಗಾವಿ, ವಿಜಾಪುರ, ಉತ್ತರ ಕನ್ನಡ ಜಿಲ್ಲೆಗಳು ಮುಂಬಯಿ ರಾಜ್ಯದಲ್ಲಿದ್ದವು. ಆ ಭಾಗದ ವಿದ್ಯಾರ್ಥಿಗೆ ಮುಂಬಯಿ ಪರರಾಜ್ಯವಾಗಿರಲಿಲ್ಲ. ಅವನ ರಾಜಧಾನಿಯೇ ಆಗಿತ್ತು. 1845ರಲ್ಲಿ ಸ್ಥಾಪನೆಯಾದ ಗ್ರಾಂಟ್ ವೈದ್ಯಕೀಯ ಕಾಲೇಜು, 1926ರಲ್ಲಿ ಕೆ.ಇ.ಎಂ. ಆಸ್ಪತ್ರೆಯೊಡನೆ ಆರಂಭವಾದ ಸೇಠ್ ಜಿ.ಎಸ್. ಕಾಲೇಜು, ಇವು ಅವನ ಪ್ರಾಂತದ ಕಾಲೇಜುಗಳೇ. ರಾಜ್ಯ ಒಂದಾದ ಮೇಲೆ 1957ರಲ್ಲಿ ಹುಬ್ಬಳ್ಳಿಗೆ ಕರ್ನಾಟಕ ವೈದ್ಯಕೀಯ ಕಾಲೇಜು ಬಂದಿತು. 1963ರಲ್ಲಿ ಬೆಳಗಾವಿ, ಕಲಬುರ್ಗಿಗಳಲ್ಲಿ ಕಾಲೇಜುಗಳಾದವು. ಕರಾವಳಿಯ ಮಣಿಪಾಲದಲ್ಲಿ ಡಾ. ಟಿ.ಎಂ.ಎ. ಪೈಯವರು 1953ರಲ್ಲಿಯೇ ಖಾಸಗಿಯಾಗಿ ವೈದ್ಯಕೀಯ ಕಾಲೇಜನ್ನು ಕಟ್ಟಿದ್ದರು. ನಾಡು ಒಂದಾದುದು ನಮ್ಮ ಹೆಮ್ಮೆ. ಆದರೆ ನಕ್ಷೆಯ ಮೇಲೆ ಎಳೆದ ಗೆರೆ ಶಾಲೆಯ ಹಾಜರಿ ಪುಸ್ತಕದ ಮೇಲೂ ಬಿದ್ದಿತೆಂಬುದನ್ನು ಗಡಿಯ ಆಚೆಗಿರುವ ನಾವು ಮರೆಯಬಾರದು.

ರಾಜ್ಯದವರಿಗೇ ಸೀಟು ಕಾದಿಡುವುದು ನ್ಯಾಯವೇ ಎಂಬ ಪ್ರಶ್ನೆ ಹಳೆಯದು. ಇಂದೋರಿನ ವೈದ್ಯಕೀಯ ಕಾಲೇಜಿನಲ್ಲಿ ಹೊರಗಿನವರಿಂದ ಹೆಚ್ಚಿನ ಹಣ ಪಡೆಯುತ್ತಿದ್ದುದರ ವಿಷಯವಾಗಿ 1955ರಲ್ಲಿ ಸರ್ವೋಚ್ಚ ನ್ಯಾಯಾಲಯವು ತೀರ್ಪಿತ್ತು, ಹುಟ್ಟಿದ ಸ್ಥಳ ಬೇರೆ, ವಾಸಸ್ಥಳ ಬೇರೆ. ವಾಸದ ಆಧಾರದ ಮೇಲೆ ಭೇದ ಮಾಡಬಹುದು ಎಂದಿತು. 1984ರ ಪ್ರದೀಪ್ ಜೈನ್ ಪ್ರಕರಣದಲ್ಲಿ ಅದೇ ನ್ಯಾಯಾಲಯವು ಎಲ್ಲ ಸೀಟುಗಳನ್ನೂ ರಾಜ್ಯದವರಿಗೇ ಇಡುವುದು ಸಲ್ಲದೆಂದು ಹೇಳಿ, ಒಂದು ಪಾಲನ್ನು ಇಡೀ ದೇಶಕ್ಕೆ ತೆರೆಯಿಸಿತು. ಆ ಪಾಲು ಮುಂದೆ ಶೇಕಡಾ 15 ಎಂದು ನಿಂತಿತು. 2025ರ ಜನವರಿಯಲ್ಲಿ, ಸ್ನಾತಕೋತ್ತರ ವೈದ್ಯಕೀಯಕ್ಕೆ ವಾಸದ ಮೀಸಲಾತಿ ಸಂವಿಧಾನಕ್ಕೆ ವಿರುದ್ಧವೆಂಬ ತೀರ್ಪು ಬಂದಿತು. ಎಂ.ಬಿ.ಬಿ.ಎಸ್. ಮಟ್ಟದಲ್ಲಿ ಮಾತ್ರ ಅದು ಹಾಗೆಯೇ ಉಳಿದಿದೆ.

ಆದ್ದರಿಂದ ಮುಂಬಯಿಯ ಕನ್ನಡ ಮನೆಯ ಮಗುವಿನ ಮುಂದೆ ಮೂರು ಬಾಗಿಲುಗಳಿವೆ: ಅಖಿಲ ಭಾರತದ ಬಾಗಿಲು, ಮಹಾರಾಷ್ಟ್ರದ ಬಾಗಿಲು, ಕರ್ನಾಟಕದ ಬಾಗಿಲು.

ಅಖಿಲ ಭಾರತದ ಬಾಗಿಲಿನಲ್ಲಿ ಊರುಕೇರಿ ಕೇಳುವವರಿಲ್ಲ. ರಾಜ್ಯಗಳ ಸರಕಾರಿ ಕಾಲೇಜುಗಳ ಶೇಕಡಾ 15 ಸೀಟುಗಳು, ಏಮ್ಸ್ ಸಂಸ್ಥೆಗಳ ಸೀಟುಗಳು, ಮಣಿಪಾಲ, ಮಂಗಳೂರು, ನವಿ ಮುಂಬಯಿ ಮೊದಲಾದೆಡೆಯ ಡೀಮ್ಡ್ ವಿಶ್ವವಿದ್ಯಾಲಯಗಳ ಸೀಟುಗಳು ಇವೆಲ್ಲವನ್ನೂ ದೆಹಲಿಯ ವೈದ್ಯಕೀಯ ಕೌನ್ಸೆಲಿಂಗ್ ಸಮಿತಿ ಹಂಚುತ್ತದೆ. ಸರಕಾರಿ ಸೀಟಿಗೆ ಬಹಳ ಮೇಲಿನ ಸ್ಥಾನ ಬೇಕು. ಡೀಮ್ಡ್ ಸೀಟಿಗೆ ಬಹಳ ಹಣ ಬೇಕು.

ಮಹಾರಾಷ್ಟ್ರದ ಬಾಗಿಲು ನಮಗೆ ಹತ್ತಿರದ್ದು. ಈ ಸಾಂತಾಕ್ರೂಜಿನಿಂದ ಸ್ವಲ್ಪ ದೂರದಲ್ಲಿ, ಜುಹುವಿನ ಕೂಪರ್ ಆಸ್ಪತ್ರೆಯಲ್ಲಿಯೇ 2015ರಿಂದ ಮಹಾನಗರಪಾಲಿಕೆಯ ವೈದ್ಯಕೀಯ ಕಾಲೇಜು ನಡೆಯುತ್ತಿದೆ. ಕೆ.ಇ.ಎಂ., ನಾಯರ್, ಸಯನ್, ಜೆ.ಜೆ. ಇವೆಲ್ಲ ಲೋಕಲ್ ಗಾಡಿಯ ಅಳತೆಯಲ್ಲಿವೆ. ರಾಜ್ಯದ ಪಾಲಿನ ಸೀಟು ಕೇಳಬೇಕಾದರೆ ಮಹಾರಾಷ್ಟ್ರದ ವಾಸ್ತವ್ಯದ ಪ್ರಮಾಣಪತ್ರ ಬೇಕು; ಹದಿನೈದು ವರ್ಷದ ವಾಸಕ್ಕೆ ಆಧಾರ ಕೊಟ್ಟು ತಹಶೀಲ್ದಾರರ ಕಚೇರಿಯಿಂದ ಅದನ್ನು ಪಡೆಯಬೇಕು. ಅದರೊಡನೆ ಹತ್ತನೆಯ ತರಗತಿಯನ್ನೂ ಹನ್ನೆರಡನೆಯ ತರಗತಿಯನ್ನೂ ಮಹಾರಾಷ್ಟ್ರದಲ್ಲಿರುವ ಸಂಸ್ಥೆಯಿಂದಲೇ ಮುಗಿಸಿರಬೇಕು. ಕೇಂದ್ರ ಸರಕಾರದ ನೌಕರರ ಮಕ್ಕಳು ಮುಂತಾದವರಿಗೆ ಕೆಲವು ವಿನಾಯಿತಿಗಳಿವೆ. ಮನೆಯಲ್ಲಿ ಯಾವ ಭಾಷೆ ಆಡುತ್ತೇವೆಂದು ಇಲ್ಲಿ ಯಾರೂ ಕೇಳುವುದಿಲ್ಲ. ಮುಂಬಯಿಯಲ್ಲಿ ಹುಟ್ಟಿ, ಇಲ್ಲಿಯೇ ಓದಿದ ಕನ್ನಡ ಮಗುವಿಗೂ ಮರಾಠಿ ಮಗುವಿಗೂ ಈ ಬಾಗಿಲಿನಲ್ಲಿ ಸಮಾನವಾದ ಹಕ್ಕಿದೆ. 'ನಾವು ಹೊರಗಿನವರು, ನಮಗೆಲ್ಲಿ ಸಿಕ್ಕೀತು' ಎಂದು ಹಿಂಜರಿಯುವ ಕಾರಣವೇ ಇಲ್ಲ.

ಕರ್ನಾಟಕದ ಬಾಗಿಲಿನ ಕೀಲಿ ಬೇರೆ. ಅಲ್ಲಿಯ ಸೀಟುಗಳನ್ನು ಕರ್ನಾಟಕ ಪರೀಕ್ಷಾ ಪ್ರಾಧಿಕಾರ ಹಂಚುತ್ತದೆ. ಅದರ ಮಾಹಿತಿ ಪುಸ್ತಿಕೆಯಲ್ಲಿ ಅರ್ಹತೆಯ ಕಲಮುಗಳು ಅಕ್ಷರಕ್ರಮದಲ್ಲಿವೆ. ಮೊದಲನೆಯ ಕಲಮಿನಂತೆ, ಒಂದನೆಯ ತರಗತಿಯಿಂದ ದ್ವಿತೀಯ ಪಿ.ಯು.ಸಿ.ಯವರೆಗೆ ಕನಿಷ್ಠ ಏಳು ವರ್ಷ ಕರ್ನಾಟಕದಲ್ಲಿ ಓದಿರಬೇಕು. ಮುಂಬಯಿಯಲ್ಲಿ ಬೆಳೆದ ಮಗುವಿಗೆ ಇದು ಸಾಧ್ಯವಿಲ್ಲ. ಎರಡನೆಯ ಕಲಮನ್ನು ನಮ್ಮವರು ಗಮನವಿಟ್ಟು ಕೇಳಬೇಕು. ಮಗು ಹನ್ನೊಂದು, ಹನ್ನೆರಡು ಎರಡನ್ನೂ ಕರ್ನಾಟಕದಲ್ಲಿ ಓದಿ ಉತ್ತೀರ್ಣವಾಗಿದ್ದು, ತಂದೆ ಅಥವಾ ತಾಯಿ ಇಬ್ಬರಲ್ಲಿ ಒಬ್ಬರು ಕನಿಷ್ಠ ಏಳು ವರ್ಷ ಕರ್ನಾಟಕದಲ್ಲಿ ಓದಿದ್ದರೆ, ಆ ಮಗುವಿಗೆ ಅರ್ಹತೆ ಬರುತ್ತದೆ.

ಈಗ ನಮ್ಮ ಮನೆಗಳ ಸ್ಥಿತಿಯನ್ನು ಯೋಚಿಸಿ. ಹತ್ತನೆಯದು ಮುಗಿದೊಡನೆ ಮಕ್ಕಳನ್ನು ಮಂಗಳೂರು, ಮೂಡುಬಿದಿರೆ, ಉಡುಪಿ ಕಡೆಯ ಪಿ.ಯು. ಕಾಲೇಜುಗಳಿಗೆ ಕಳುಹಿಸುವ ಪದ್ಧತಿ ಬೆಳೆದಿದೆ. ಹಾಸ್ಟೆಲು ಇದೆ, ಶಿಸ್ತು ಇದೆ, ನೀಟ್ ತರಬೇತಿ ಇದೆ, ಹತ್ತಿರದಲ್ಲಿ ಅಜ್ಜಿಯ ಮನೆ ಇದೆ. ಕಳುಹಿಸುವುದು ತಪ್ಪೆಂದು ನಾವು ಹೇಳುವುದಿಲ್ಲ. ಆದರೆ ಆ ದಿನವೇ ಒಂದು ಬಾಗಿಲು ಮುಚ್ಚಿತೆಂಬುದನ್ನು ತಿಳಿದು ಕಳುಹಿಸಬೇಕು. ಹನ್ನೆರಡನೆಯದನ್ನು ಕರ್ನಾಟಕದಲ್ಲಿ ಮುಗಿಸಿದ ಮಗುವಿಗೆ ಮಹಾರಾಷ್ಟ್ರದ ಪಾಲಿನ ಸೀಟು ಇಲ್ಲ. ಕರ್ನಾಟಕದ ಬಾಗಿಲು ತೆರೆಯಬೇಕಾದರೆ ತಂದೆತಾಯಿಯರ ಏಳು ವರ್ಷ ಬೇಕು. ಅದಿಲ್ಲದಿದ್ದರೆ ಮಗು ಅತ್ತ ಮಹಾರಾಷ್ಟ್ರಕ್ಕೂ ಸಲ್ಲದು, ಇತ್ತ ಕರ್ನಾಟಕಕ್ಕೂ ಸಲ್ಲದು. ಒಳ್ಳೆಯ ಅಂಕಗಳನ್ನು ಕೈಯಲ್ಲಿ ಹಿಡಿದುಕೊಂಡು ಎರಡು ರಾಜ್ಯಗಳ ನಡುವೆ ನಿಲ್ಲುವ ಪಾಡು ಅದರದು. ಮಗುವಿನ ಖಾತೆ ತುಂಬಿದೆ, ಮನೆಯ ಖಾತೆ ಖಾಲಿ.

ತಂದೆಯರ ಏಳು ವರ್ಷದ ಮಾತು ಬಂದಾಗ ನಮ್ಮ ಜನದ ಚರಿತ್ರೆಯೇ ಕಣ್ಣಮುಂದೆ ನಿಲ್ಲುತ್ತದೆ. ನಮ್ಮ ಹಿರಿಯರಲ್ಲಿ ಎಷ್ಟೋ ಮಂದಿ ಊರ ಶಾಲೆಯಲ್ಲಿ ನಾಲ್ಕೋ ಐದೋ ತರಗತಿ ಮುಗಿಸಿ, ಮುಂಬಯಿಗೆ ಬಂದು, ಹಗಲು ಹೋಟೆಲಿನಲ್ಲಿ ದುಡಿದು, ಸಂಜೆ ಕನ್ನಡದ ರಾತ್ರಿ ಶಾಲೆಗಳಲ್ಲಿ ಓದಿ ಮ್ಯಾಟ್ರಿಕ್ ಕಂಡವರು. ಆ ರಾತ್ರಿ ಶಾಲೆಗಳು ಈ ನಗರದ ಕನ್ನಡಿಗರ ಕೀರ್ತಿಸ್ತಂಭಗಳು. ಆದರೆ ನಿಯಮದ ಕಣ್ಣಿಗೆ ಅವು ಮಹಾರಾಷ್ಟ್ರದ ಶಾಲೆಗಳು. ಅಲ್ಲಿ ಕನ್ನಡದಲ್ಲಿಯೇ ಓದಿದ ವರ್ಷಗಳು ಕರ್ನಾಟಕದ ಏಳು ವರ್ಷದ ಲೆಕ್ಕಕ್ಕೆ ಜಮೆಯಾಗುವುದಿಲ್ಲ. ಹೀಗೆ ಹುಡುಗನಾಗಿ ಊರು ಬಿಟ್ಟು ದುಡಿಯಲು ಬಂದವನ ದಾಖಲೆ ಅರ್ಧದಲ್ಲಿಯೇ ನಿಲ್ಲುತ್ತದೆ.

ಆಗ ತಾಯಿಯ ಕಡೆಗೆ ತಿರುಗಬೇಕು. ಊರಿನಲ್ಲಿ ಎಸ್.ಎಸ್.ಎಲ್.ಸಿ.ಯೋ ಪಿ.ಯು.ಸಿ.ಯೋ ಮುಗಿಸಿ, ಮದುವೆಯಾಗಿ ಮುಂಬಯಿಗೆ ಬಂದ ತಾಯಂದಿರು ಈ ಸಭೆಯಲ್ಲಿ ಅನೇಕರಿದ್ದೀರಿ. 'ನಾನೇನು ಓದಿದ್ದೇನೆ, ಊರಿನ ಶಾಲೆ' ಎಂದು ನೀವು ನಕ್ಕು ಸುಮ್ಮನಾಗಿರಬಹುದು. ಆ ಊರಿನ ಶಾಲೆಯ ಹತ್ತು ವರ್ಷಗಳೇ ನಿಮ್ಮ ಮಗಳ ಕೈಗೆ ಕೀಲಿಯಾಗಬಲ್ಲವು. ನಿಯಮವು ತಂದೆ ಎಂದು ಹೇಳಿಲ್ಲ. ಇಬ್ಬರಲ್ಲಿ ಒಬ್ಬರು ಎಂದಿದೆ. ಶಾಲೆಯ ಮುಖ್ಯೋಪಾಧ್ಯಾಯರಿಂದ ವ್ಯಾಸಂಗ ಪ್ರಮಾಣಪತ್ರ ಪಡೆದು, ಅದಕ್ಕೆ ಕ್ಷೇತ್ರ ಶಿಕ್ಷಣಾಧಿಕಾರಿಗಳ ಮೇಲುರುಜು ಮಾಡಿಸಬೇಕು. ಶಾಲೆ ಮುಚ್ಚಿಹೋಗಿದ್ದರೆ ಹಳೆಯ ದಾಖಲೆ ಪುಸ್ತಕ ಎಲ್ಲಿದೆ ಎಂದು ಅದೇ ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಯಲ್ಲಿ ವಿಚಾರಿಸಬೇಕು. ಪ್ರಮಾಣಪತ್ರದಲ್ಲಿರುವುದು ತವರಿನ ಹೆಸರು, ಈಗಿನ ಕಾಗದಗಳಲ್ಲಿರುವುದು ಗಂಡನ ಮನೆಯ ಹೆಸರು. ಎರಡೂ ಒಬ್ಬರದೇ ಎಂದು ತೋರಿಸಲು ವಿವಾಹದ ನೋಂದಣಿ ಪತ್ರವೂ ಜೊತೆಗಿರಬೇಕು. ಇದು ಕೌನ್ಸೆಲಿಂಗಿನ ವಾರದಲ್ಲಿ ಓಡಾಡಿ ಮಾಡುವ ಕೆಲಸವಲ್ಲ. ಮೇ ತಿಂಗಳ ರಜೆಗೆ ಊರಿಗೆ ಹೋದಾಗ, ಮಗು ಒಂಬತ್ತನೆಯ ತರಗತಿಯಲ್ಲಿರುವಾಗಲೇ ಮಾಡಿ ತರಬೇಕು.

ಕರ್ನಾಟಕದ ನಿಯಮಗಳಲ್ಲಿ ಗಡಿನಾಡು, ಹೊರನಾಡು ಕನ್ನಡಿಗರೆಂಬ ಹೆಸರುಗಳೂ ಇವೆ. ಗಡಿನಾಡಿನ ಕಲಮಿನಲ್ಲಿ ಮಹಾರಾಷ್ಟ್ರದ ದಕ್ಷಿಣ ಸೊಲ್ಲಾಪುರ, ಅಕ್ಕಲಕೋಟೆ, ಜತ್ತ, ಗಡಹಿಂಗ್ಲಜ ತಾಲೂಕುಗಳೂ ಕೇರಳದ ಕಾಸರಗೋಡು, ಹೊಸದುರ್ಗ, ಮಂಜೇಶ್ವರ ತಾಲೂಕುಗಳೂ ಸೇರಿವೆ. ಕನ್ನಡದೊಡನೆ ತುಳು, ಕೊಡವ ಮಾತೃಭಾಷೆಯವರನ್ನೂ ಅಲ್ಲಿ ಎಣಿಸಿದ್ದಾರೆ. ಮಹಾರಾಷ್ಟ್ರ ಸರಕಾರವೂ ಗಡಿಯ ವಿವಾದದ 865 ಹಳ್ಳಿಪಟ್ಟಣಗಳ ಮರಾಠಿ ವಿದ್ಯಾರ್ಥಿಗಳಿಗೆ ಇಂಥದೇ ಏರ್ಪಾಡು ಮಾಡಿದೆ. ಗಡಿನಾಡು, ಹೊರನಾಡುಗಳ ಹೆಸರಿನಲ್ಲಿ ಅರ್ಜಿ ಹಾಕುವವರು ಪ್ರಾಧಿಕಾರದ ಕನ್ನಡ ಭಾಷಾ ಪರೀಕ್ಷೆಗೆ ಕೂರಬೇಕು. ಯಾವ ಕಲಮಿನಿಂದ ಯಾವ ಕೋರ್ಸಿನ, ಯಾವ ಬಗೆಯ ಸೀಟನ್ನು ಕೇಳಬಹುದೆಂಬುದನ್ನು ಆಯಾ ವರ್ಷದ ಪುಸ್ತಿಕೆಯಲ್ಲಿಯೇ ನೋಡಿಕೊಳ್ಳತಕ್ಕದ್ದು. ನಾವು ಇಲ್ಲಿ ಹೇಳಬೇಕಾದುದು ಇಷ್ಟೆ: ಮನೆಯಲ್ಲಿ ಕನ್ನಡ ಮಾತನಾಡಿದರೆ ಸಾಲದು, ಮಗುವಿಗೆ ಕನ್ನಡ ಓದಲೂ ಬರೆಯಲೂ ಬರಬೇಕು. ರಾಜ್ಯೋತ್ಸವದ ಭಾಷಣಗಳಲ್ಲಿ ವರ್ಷವರ್ಷವೂ ಕೇಳುವ ಈ ಬುದ್ಧಿವಾದಕ್ಕೆ ಇಲ್ಲಿ ಒಂದು ಲೌಕಿಕ ಪ್ರಯೋಜನವೂ ಇದೆ.

ನೀಟ್ ಪರೀಕ್ಷೆಯನ್ನು ಕನ್ನಡದಲ್ಲಿ ಬರೆಯಬಹುದೇ ಎಂದು ಕೆಲವರು ಕೇಳುತ್ತಾರೆ. 2017ರಿಂದ ಕನ್ನಡದ ಪ್ರಶ್ನಪತ್ರಿಕೆ ಇದೆ, ಆದರೆ ಅದು ಕರ್ನಾಟಕದ ಕೇಂದ್ರಗಳಲ್ಲಿ ಮಾತ್ರ ದೊರೆಯುತ್ತದೆ. ಮುಂಬಯಿಯ ಕೇಂದ್ರದಲ್ಲಿ ಕುಳಿತವರಿಗೆ ಇಂಗ್ಲಿಷು, ಹಿಂದಿ, ಮರಾಠಿಗಳಂಥ ಇಲ್ಲಿಯ ಪತ್ರಿಕೆಗಳೇ.

ಜಾತಿ ಪ್ರಮಾಣಪತ್ರದ ವಿಷಯದಲ್ಲಿ ನಮ್ಮವರಲ್ಲಿ ಬಹಳ ಗೊಂದಲವಿದೆ. ಊರಿನ ತಹಶೀಲ್ದಾರರು ಕೊಟ್ಟ ಪತ್ರ ಇಲ್ಲಿಯೂ ನಡೆಯುತ್ತದೆಂದು ನಂಬಿರುತ್ತಾರೆ. ನಡೆಯುವುದಿಲ್ಲ. ಇದು ತೀರ್ಮಾನವಾದುದೂ ಮುಂಬಯಿಯ ಒಂದು ವೈದ್ಯಕೀಯ ಸೀಟಿನ ವ್ಯಾಜ್ಯದಲ್ಲಿಯೇ. ಆಂಧ್ರದಲ್ಲಿ ಪರಿಶಿಷ್ಟ ಪಂಗಡವೆನಿಸಿದ ಕುಟುಂಬವೊಂದು ತಂದೆಯ ಕೆಲಸದ ನಿಮಿತ್ತ ಮುಂಬಯಿಗೆ ಬಂದಿತ್ತು. ಮಗನಿಗೆ ಇಲ್ಲಿ ಮೀಸಲು ಸೀಟು ದೊರೆಯಲಿಲ್ಲ. 1990ರಲ್ಲಿ ಸರ್ವೋಚ್ಚ ನ್ಯಾಯಾಲಯದ ಸಂವಿಧಾನ ಪೀಠವು, ಒಂದು ರಾಜ್ಯದ ಪಟ್ಟಿಯಲ್ಲಿರುವ ಸ್ಥಾನಮಾನ ವಲಸೆ ಹೋದವರೊಡನೆ ಇನ್ನೊಂದು ರಾಜ್ಯಕ್ಕೆ ಬರುವುದಿಲ್ಲವೆಂದು ತೀರ್ಪು ನೀಡಿತು. ಮಹಾರಾಷ್ಟ್ರದಲ್ಲಿ ಮೀಸಲಾತಿ ಪಡೆಯಬೇಕಾದರೆ ಹಿರಿಯರು ಇಂತಹ ದಿನಕ್ಕೆ ಮೊದಲೇ ಈ ರಾಜ್ಯದಲ್ಲಿ ನೆಲಸಿದ್ದರೆಂದು ತೋರಿಸಬೇಕು: ಪರಿಶಿಷ್ಟ ಜಾತಿಗೆ 1950ರ ಆಗಸ್ಟ್ 10, ಪರಿಶಿಷ್ಟ ಪಂಗಡಕ್ಕೆ 1950ರ ಸೆಪ್ಟೆಂಬರ್ 6, ಇತರ ಹಿಂದುಳಿದ ವರ್ಗಕ್ಕೆ 1967ರ ಅಕ್ಟೋಬರ್ 13. ಅಜ್ಜ ಆ ಕಾಲದಲ್ಲಿಯೇ ಮುಂಬಯಿಗೆ ಬಂದಿದ್ದರೆ ಅವರ ಹಳೆಯ ರೇಷನ್ ಕಾರ್ಡು, ಶಾಲೆ ಬಿಟ್ಟ ಪತ್ರ, ಗಿರಣಿಯ ಅಥವಾ ಪಾಲಿಕೆಯ ನೌಕರಿಯ ಕಾಗದ ಇವುಗಳನ್ನು ಹುಡುಕಿ ಜೋಪಾನ ಮಾಡಿ. ಜಾತಿ ಪತ್ರದ ಮೇಲೆ ಪರಿಶೀಲನಾ ಸಮಿತಿಯ ಸಿಂಧುತ್ವದ ಪತ್ರವೂ ಇಲ್ಲಿ ಬೇಕಾಗುತ್ತದೆ. ಅದಕ್ಕೆ ಕಾಲ ಹಿಡಿಯುತ್ತದೆ.

ಹೊರದೇಶದಲ್ಲಿ ಸುಲಭವಾಗಿ ಸೀಟು ಕೊಡಿಸುತ್ತೇವೆಂದು ಹೇಳುವ ದಲ್ಲಾಳಿಗಳ ವಿಷಯ ಒಂದೇ ಮಾತು. 2018ರಿಂದ ಹೊರದೇಶದ ಓದಿಗೂ ನೀಟ್ ಅರ್ಹತೆ ಬೇಕು. 2021ರ ನಿಯಮದಂತೆ ಅಲ್ಲಿಯ ಶಿಕ್ಷಣ ಕನಿಷ್ಠ 54 ತಿಂಗಳಿರಬೇಕು, ಇಂಗ್ಲಿಷ್ ಮಾಧ್ಯಮದಲ್ಲಿರಬೇಕು, ಹನ್ನೆರಡು ತಿಂಗಳ ಆಸ್ಪತ್ರೆಯ ಅಭ್ಯಾಸ ಬೇರೆ ಆಗಬೇಕು. ಹಿಂದಿರುಗಿದ ಮೇಲೆ ಇಲ್ಲಿಯ ಪರೀಕ್ಷೆಯನ್ನೂ ಗೆಲ್ಲಬೇಕು. ಇವನ್ನು ವಿಚಾರಿಸದೆ ಮನೆಯನ್ನು ಅಡವಿಡಬೇಡಿ.

ಇಷ್ಟೆಲ್ಲ ಕೇಳಿದ ಮೇಲೆ, ಯಾವಾಗ ಏನು ಮಾಡಬೇಕೆಂದು ನೀವು ಕೇಳುವುದು ಸಹಜ. ಮಗು ಒಂಬತ್ತರಲ್ಲಿರುವಾಗ ತಂದೆತಾಯಿಯರ ವ್ಯಾಸಂಗ ಪ್ರಮಾಣಪತ್ರಗಳನ್ನು ತರಿಸಿ, ಏಳು ವರ್ಷ ತುಂಬುತ್ತದೆಯೇ ಎಂದು ಎಣಿಸಿ ನೋಡಿ. ಹತ್ತರಲ್ಲಿರುವಾಗ ಹೆಸರುಗಳನ್ನು ಸರಿಮಾಡಿಸಿ. ಊರಿನಲ್ಲಿ ಹೆಸರಿನ ಮುಂದೆ ಇನಿಷಿಯಲ್ ಬರೆದಿರುತ್ತಾರೆ, ಇಲ್ಲಿ ಹೆಸರು, ತಂದೆಯ ಹೆಸರು, ಕುಲನಾಮ ಎಂದು ಮೂರಾಗಿ ಬರೆಯುತ್ತಾರೆ. ಒಂದೇ ಮನುಷ್ಯ ಕಾಗದದ ಮೇಲೆ ಇಬ್ಬರಾಗಿರುತ್ತಾನೆ. ಹನ್ನೊಂದನೆಯದಕ್ಕೆ ಸೇರಿಸುವ ಮೊದಲು ಮನೆಯವರೆಲ್ಲ ಕುಳಿತು ಯಾವ ರಾಜ್ಯದ ಬಾಗಿಲನ್ನು ಆರಿಸುತ್ತೇವೆಂದು ತೀರ್ಮಾನಿಸಿ, ಆ ರಾಜ್ಯದಲ್ಲಿಯೇ ಎರಡು ವರ್ಷ ಓದಿಸಿ, ಜೀವಶಾಸ್ತ್ರ ಬಿಟ್ಟುಹೋಗದಂತೆ ನೋಡಿಕೊಳ್ಳಿ. ಹನ್ನೊಂದರಲ್ಲಿರುವಾಗ ವಾಸ್ತವ್ಯದ ಪತ್ರ, ಜಾತಿಯ ಪತ್ರಗಳಿಗೆ ಅರ್ಜಿ ಹಾಕಿ. ಹನ್ನೆರಡರಲ್ಲಿ ಮಗುವನ್ನು ಓದಲು ಬಿಡಿ. ಕಚೇರಿಗಳ ಅಲೆದಾಟ ಆ ವರ್ಷಕ್ಕೆ ಉಳಿಯದಿರಲಿ. ಅರ್ಜಿಗೆ ಮುನ್ನ ಆ ವರ್ಷದ ಮಾಹಿತಿ ಪುಸ್ತಿಕೆಗಳನ್ನು ಮೊದಲಿನಿಂದ ಕಡೆಯವರೆಗೆ ಓದಿ. ನೆರೆಮನೆಯವರಿಗೆ ಹೋದ ವರ್ಷ ನಡೆದ ನಿಯಮ ನಮಗೆ ಈ ವರ್ಷ ನಡೆಯದಿರಬಹುದು.

ಇಲ್ಲಿ ಸಂಘಸಂಸ್ಥೆಗಳ ಹೊಣೆಯೂ ಉಂಟು. ಅಂಕ ಗಳಿಸಿದ ಮಕ್ಕಳಿಗೆ ಶಾಲು ಹೊದಿಸಿ ಫಲಕ ಕೊಡುವ ಪದ್ಧತಿ ನಮ್ಮಲ್ಲಿದೆ, ಅದು ಇರಲಿ. ಆದರೆ ಹತ್ತನೆಯ ತರಗತಿಯ ಪಾಲಕರನ್ನು ವರ್ಷಕ್ಕೊಮ್ಮೆ ಕರೆದು ಕೂರಿಸಿ ಈ ಎರಡು ರಾಜ್ಯಗಳ ಪುಸ್ತಿಕೆಗಳನ್ನು ಓದಿ ಹೇಳುವ ಏರ್ಪಾಡಾದರೆ ಫಲಕಕ್ಕಿಂತ ಹೆಚ್ಚಿನ ಉಪಕಾರವಾದೀತು. ನಮ್ಮಲ್ಲಿ ನಿವೃತ್ತರಾದ ಮುಖ್ಯೋಪಾಧ್ಯಾಯರಿದ್ದಾರೆ, ವಕೀಲರಿದ್ದಾರೆ, ಸರಕಾರಿ ಕಚೇರಿಗಳಲ್ಲಿ ದುಡಿದವರಿದ್ದಾರೆ, ಈಗಾಗಲೇ ಈ ದಾರಿಯಲ್ಲಿ ನಡೆದು ವೈದ್ಯರಾದ ಯುವಕ ಯುವತಿಯರೂ ಇದ್ದಾರೆ. ರಾತ್ರಿ ಶಾಲೆಗಳನ್ನು ಕಟ್ಟಿದ ಸಮಾಜಕ್ಕೆ ಒಂದು ಭಾನುವಾರವನ್ನು ಇದಕ್ಕಾಗಿ ಎತ್ತಿಡುವುದು ಭಾರವಲ್ಲ. ಹೆಣ್ಣುಮಕ್ಕಳಿರುವ ಮನೆಗಳಿಗೆ ಇನ್ನೊಂದು ಅರಿಕೆ: ಮಗನ ಕೋಚಿಂಗಿಗೆ ಹಣ ಹೊಂದಿಸುವಾಗ ಮಗಳ ಜೀವಶಾಸ್ತ್ರದ ಅಂಕವನ್ನೂ ಒಮ್ಮೆ ನೋಡಿ.

ಎಲ್ಲ ಮಕ್ಕಳೂ ಡಾಕ್ಟರಾಗಬೇಕೆಂದು ನಾವು ಹೇಳುತ್ತಿಲ್ಲ. ಸೀಟಿನ ಲೆಕ್ಕವೇ ಅದಕ್ಕೆ ಎಡೆಗೊಡುವುದಿಲ್ಲ. ಅಂಕ ಸಾಲದೆ ಸೀಟು ತಪ್ಪಿದರೆ ಮಗು ಅದನ್ನು ತಾಳಿಕೊಂಡು ಬೇರೆ ದಾರಿ ಹಿಡಿಯುತ್ತದೆ. ಅಂಕವಿದ್ದೂ ಮನೆಯವರು ಒಂದು ಕಾಗದ ತರಿಸದೆ ಇದ್ದುದರಿಂದ ಸೀಟು ತಪ್ಪಿದರೆ ಆ ನೋವು ತಂದೆತಾಯಿ, ಮಕ್ಕಳ ನಡುವೆ ಬಹುಕಾಲ ಉಳಿಯುತ್ತದೆ. ಅದನ್ನು ತಡೆಯುವುದು ನಮ್ಮ ಕೈಯಲ್ಲಿದೆ. ಈ ಸಲ ಊರಿಗೆ ಹೋದಾಗ ದೇವಸ್ಥಾನಕ್ಕೆ, ದೈವಸ್ಥಾನಕ್ಕೆ, ನೆಂಟರ ಮನೆಗೆ ಹೋಗಿ ಬರುವುದರೊಡನೆ ನಿಮ್ಮ ಹಳೆಯ ಶಾಲೆಯ ಮೆಟ್ಟಿಲನ್ನೂ ಒಮ್ಮೆ ಹತ್ತಿ ಬನ್ನಿ.